ಗಿಡ್ಡ ಮೋಡದ ದೊಡ್ಡ ಮಳೆ: ಮಲೆನಾಡಿನ ಮುನ್ಸೂಚನೆ ಏಕೆ ಕಷ್ಟ?

ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಗೆ ರೆಡ್ ಅಲರ್ಟ್ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಅದೇ ದಿನ ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳ ಉಕ್ಕಿ ರಸ್ತೆ ಮುಚ್ಚಿರುತ್ತದೆ. ಶಿಕಾರಿಪುರದಲ್ಲಿ ಮೆಕ್ಕೆಜೋಳದ ಹೊಲಕ್ಕೆ ಎಡೆಕುಂಟೆ ಹೊಡೆಯುವಷ್ಟು ಬಿಸಿಲಿರುತ್ತದೆ. ಎರಡೂ ಒಂದೇ ಜಿಲ್ಲೆ, ಎರಡಕ್ಕೂ ಒಂದೇ ಎಚ್ಚರಿಕೆ. ಇನ್ನೊಂದು ದಿನ ಬರೀ ಹಳದಿ ಬಣ್ಣ ತೋರಿಸುತ್ತಿದ್ದಾಗಲೇ ಆಗುಂಬೆಯಲ್ಲಿ 200 ಮಿ.ಮೀ. ಸುರಿದರೂ ಆಶ್ಚರ್ಯವಿಲ್ಲ. ಉಪಗ್ರಹ, ರಾಡಾರ್, ಸೂಪರ್ ಕಂಪ್ಯೂಟರ್ ಎಲ್ಲ ಇದ್ದೂ ಹೀಗೇಕೆ? ಉತ್ತರದ ಬಹುಪಾಲು ಇಲ್ಲಿನ ಮೋಡಗಳ ಎತ್ತರದಲ್ಲಿದೆ.

ಯಾರ ಕೆಲಸ ಯಾವುದು

ಮಳೆಯ ಸುದ್ದಿಯಲ್ಲಿ ಮೂರು ಸಂಸ್ಥೆಗಳ ಹೆಸರು ಕಲಸಿಹೋಗುತ್ತವೆ. 1875ರಲ್ಲಿ ಶುರುವಾದ ಭಾರತೀಯ ಹವಾಮಾನ ಇಲಾಖೆ ಮುನ್ಸೂಚನೆ, ಎಚ್ಚರಿಕೆಗಳನ್ನು ಅಧಿಕೃತವಾಗಿ ಕೊಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆದು ಅಂಕಿ ಕೊಡುತ್ತದೆ. ಮೂರನೆಯದು ಪುಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ, ಚಿಕ್ಕದಾಗಿ ಐಐಟಿಎಂ. 1962ರಲ್ಲಿ ಸ್ಥಾಪನೆಯಾದ ಇದು ಈಗ ಕೇಂದ್ರ ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿದೆ.

ನಾಳೆ ಮಳೆ ಬರುತ್ತದೆಯೇ ಎಂದು ಐಐಟಿಎಂ ಹೇಳುವುದಿಲ್ಲ. ಮೋಡದೊಳಗೆ ಏನು ನಡೆಯುತ್ತದೆ, ಮುಂಗಾರು ಯಾಕೆ ಕೆಲವು ವಾರ ಜೋರಾಗಿ ಆಮೇಲೆ ಮುನಿಸಿಕೊಳ್ಳುತ್ತದೆ, ಇದನ್ನೆಲ್ಲ ಲೆಕ್ಕಕ್ಕೆ ಇಳಿಸುವುದು ಹೇಗೆ ಎಂಬುದು ಅದರ ಕೆಲಸ. ಇಲಾಖೆ ಬಳಸುವ ಹಲವು ಲೆಕ್ಕಾಚಾರದ ಮಾದರಿಗಳು ತಯಾರಾಗುವುದು, ತಿದ್ದಿಸಿಕೊಳ್ಳುವುದು ಅಲ್ಲಿ.

ಘಟ್ಟ ಹತ್ತುವ ಗಾಳಿ

ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಮೇಲಿಂದ ನೈಋತ್ಯದ ಗಾಳಿ ಬೀಸುತ್ತದೆ. ಇದರ ಅತಿ ವೇಗದ ಭಾಗ ಇರುವುದು ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ. ಕರಾವಳಿ ದಾಟಿದ ಕೂಡಲೇ ಅದಕ್ಕೆ ಸಹ್ಯಾದ್ರಿ ಎದುರಾಗುತ್ತದೆ. ಪಕ್ಕಕ್ಕೆ ಸರಿಯಲು ದಾರಿಯಿಲ್ಲ, ಏರಲೇಬೇಕು.

ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ. ಮೋಡ ಕಟ್ಟುವವರೆಗೆ ಪ್ರತಿ ಕಿ.ಮೀ.ಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್‌ನಂತೆ ತಣಿಯುವುದು ಭೌತಶಾಸ್ತ್ರದ ನಿಯಮ. ತಣ್ಣನೆಯ ಗಾಳಿ ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಲಾರದು. 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗ ಹೆಚ್ಚೆಂದರೆ ಸುಮಾರು 27 ಗ್ರಾಂ ಆವಿ ಹಿಡಿದರೆ, 20 ಡಿಗ್ರಿಯಲ್ಲಿ ಹಿಡಿಯುವುದು 17 ಗ್ರಾಂ ಮಾತ್ರ. ಉಳಿದದ್ದು ಹನಿಯಾಗಲೇಬೇಕು.

ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂಬುದಕ್ಕೂ ಸುಲಭದ ಲೆಕ್ಕವಿದೆ. ಗಾಳಿಯ ಉಷ್ಣತೆಗೂ ಅದರ ಇಬ್ಬನಿ ಬಿಂದುವಿಗೂ, ಅಂದರೆ ಆವಿ ಹನಿಗಟ್ಟಲು ಶುರುವಾಗುವ ಉಷ್ಣತೆಗೂ, ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೀಟರಿನಲ್ಲಿ ಉತ್ತರ ಸಿಗುತ್ತದೆ. ಕರಾವಳಿಯಲ್ಲಿ ಮಳೆಗಾಲದಲ್ಲಿ ಈ ಅಂತರ ಎರಡು-ಮೂರು ಡಿಗ್ರಿ ಇದ್ದರೆ ತಳ 250ರಿಂದ 375 ಮೀಟರಿಗೆ ಬರುತ್ತದೆ. ಆಗುಂಬೆ ಇರುವುದು ಸುಮಾರು 640 ಮೀಟರಿನಲ್ಲಿ. ಹಾಗಾಗಿ ಜುಲೈನಲ್ಲಿ ಆಗುಂಬೆಯವರು ಮಂಜು ಎನ್ನುವುದು ನಿಜಕ್ಕೂ ಮೋಡದ ಒಳಭಾಗ.

ಘಟ್ಟದ ನೆತ್ತಿ ದಾಟಿದ ಗಾಳಿ ಮತ್ತೆ ಇಳಿಯುತ್ತದೆ, ಇಳಿದಂತೆ ಬಿಸಿಯಾಗುತ್ತದೆ. ಹೊತ್ತು ತಂದ ನೀರೂ ಆಗಲೇ ಕಡಿಮೆಯಾಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿ.ಮೀ.ಗೂ ಹೆಚ್ಚು ಮಳೆ. ಮೂವತ್ತು-ಮೂವತ್ತೈದು ಕಿ.ಮೀ. ಪೂರ್ವಕ್ಕೆ ಬಂದು ತೀರ್ಥಹಳ್ಳಿ ತಲುಪುವಷ್ಟರಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಶಿವಮೊಗ್ಗ ನಗರಕ್ಕೆ ಬಂದರೆ ಸಾವಿರ ಮಿ.ಮೀ. ತುಂಬುವುದೇ ಕಷ್ಟ. ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ದಾಖಲಾಗಿತ್ತು. ಶಿವಮೊಗ್ಗ ನಗರಕ್ಕೆ ಅದು ನಾಲ್ಕು ವರ್ಷಕ್ಕೂ ಮೀರಿದ ಮಳೆ.

ಹನಿ ಬಲಿಯುವುದು ಹೇಗೆ

ಮೋಡ ಕಟ್ಟಿತೆಂದರೆ ಮಳೆ ಬಂತು ಎಂದಲ್ಲ. ಮೋಡದ ಹನಿಯ ಅಡ್ಡಳತೆ ಸುಮಾರು 0.02 ಮಿ.ಮೀ. ಅದು ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ನಿಧಾನಕ್ಕೆ ಇಳಿಯುತ್ತದೆ. ಸ್ವಲ್ಪ ಮೇಲ್ಮುಖ ಗಾಳಿ ಇದ್ದರೂ ತೇಲುತ್ತಲೇ ಇರುತ್ತದೆ. ನೆಲಕ್ಕೆ ಬೀಳುವ 2 ಮಿ.ಮೀ. ಹನಿಯಾಗಬೇಕಾದರೆ ಇಂಥ ಹತ್ತು ಲಕ್ಷ ಹನಿಗಳು ಒಂದಾಗಬೇಕು. (ಅಡ್ಡಳತೆ ನೂರು ಪಟ್ಟಾದರೆ ಗಾತ್ರ ನೂರರ ಘನದಷ್ಟು, ಅಂದರೆ ಹತ್ತು ಲಕ್ಷ ಪಟ್ಟು.)

ಒಂದಾಗಲು ಎರಡು ದಾರಿಗಳಿವೆ. ಎತ್ತರದ ಮೋಡಗಳಲ್ಲಿ ಮೇಲ್ಭಾಗ ಹೆಪ್ಪುಗಟ್ಟಿ, ಹಿಮದ ಹರಳುಗಳು ಸುತ್ತಲಿನ ಆವಿಯನ್ನು ಹೀರಿ ಬೆಳೆದು, ಕೆಳಗಿಳಿಯುವಾಗ ಕರಗಿ ಮಳೆಯಾಗುತ್ತವೆ. ಗಿಡ್ಡ ಮೋಡಗಳಲ್ಲಿ ಹಿಮವೇ ಇರುವುದಿಲ್ಲ. ಅಲ್ಲಿ ತುಸು ದೊಡ್ಡ ಹನಿಗಳು ಕೆಳಗಿಳಿಯುತ್ತ ಚಿಕ್ಕವನ್ನು ಡಿಕ್ಕಿ ಹೊಡೆದು ನುಂಗುತ್ತವೆ. ಇದಕ್ಕೆ ಬಿಸಿಮಳೆ ಎಂಬ ಹೆಸರಿದೆ. ಮೈಗೆ ಬಿಸಿ ತಾಗುತ್ತದೆಂದಲ್ಲ, ಹಿಮದ ಹಂಗಿಲ್ಲದೆ ಆಗುವ ಮಳೆ ಎಂದಷ್ಟೇ.

ಮುಂಗಾರಿನಲ್ಲಿ ನಮ್ಮ ತಲೆಯ ಮೇಲೆ ನೀರು ಹೆಪ್ಪುಗಟ್ಟುವ ಮಟ್ಟ ಇರುವುದು ಐದು ಕಿ.ಮೀ.ಗಿಂತ ಮೇಲೆ. ಘಟ್ಟದ ಪಶ್ಚಿಮ ಮುಖದ ಮಳೆಮೋಡಗಳಲ್ಲಿ ಹೆಚ್ಚಿನವು ಆ ಮಟ್ಟದ ಕೆಳಗೋ, ಅದರ ಆಸುಪಾಸಿನಲ್ಲೋ ಮುಗಿಯುತ್ತವೆ. ಸಮುದ್ರದ ಕಡೆಯಿಂದ ಆವಿಯ ಸರಬರಾಜು ನಿಲ್ಲದ್ದರಿಂದ ಈ ಗಿಡ್ಡ ಮೋಡಗಳೇ ದಿನಗಟ್ಟಲೆ ಜಡಿಮಳೆ ಸುರಿಸುತ್ತವೆ. ಗುಡುಗು-ಮಿಂಚು ಮೇ ತಿಂಗಳಲ್ಲಿ ಅಬ್ಬರಿಸಿ ಜುಲೈನಲ್ಲಿ ಬಹುತೇಕ ಮಾಯವಾಗುವುದಕ್ಕೂ ಕಾರಣ ಇದೇ. ಮಿಂಚಿಗೆ ಬೇಕಾದ ವಿದ್ಯುತ್ತು ಹುಟ್ಟುವುದು ಹಿಮದ ಹರಳುಗಳೂ ಆಲಿಕಲ್ಲಿನ ಮರಿಗಳೂ ಮೋಡದೊಳಗೆ ಉಜ್ಜಾಡಿದಾಗ. ಬೇಸಿಗೆಯ ಮೋಡ 12 ಕಿ.ಮೀ.ಗೂ ಮೀರಿ ಬೆಳೆಯಬಲ್ಲದು, ಅದರಲ್ಲಿ ಹಿಮ ಧಾರಾಳ. ಆಷಾಢದ ಮೋಡದಲ್ಲಿ ಅದು ಅಪರೂಪ.

ಇದನ್ನೆಲ್ಲ ಹತ್ತಿರದಿಂದ ನೋಡಲು ಐಐಟಿಎಂ 2012ರಲ್ಲಿ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ, ಸುಮಾರು 1,350 ಮೀಟರ್ ಎತ್ತರದಲ್ಲಿ, ಮೋಡಗಳ ಪ್ರಯೋಗಾಲಯ ತೆರೆಯಿತು. ಅದೂ ನಮ್ಮ ಸಹ್ಯಾದ್ರಿಯೇ. ಅಲ್ಲಿ ಮೋಡ ಹುಡುಕಿ ಹೋಗಬೇಕಿಲ್ಲ, ಮೋಡವೇ ಕಟ್ಟಡದ ಮೇಲೆ ಹಾದುಹೋಗುತ್ತದೆ. ಆವಿ ಮೊದಲು ಅಂಟಿಕೊಳ್ಳುವ ಧೂಳು, ಉಪ್ಪು, ಹೊಗೆಯ ಕಣಗಳನ್ನು ಒಂದು ಉಪಕರಣ ಎಣಿಸುತ್ತದೆ. ಹನಿಮಾಪಕ ಎನ್ನಬಹುದಾದ ಇನ್ನೊಂದು, ಬೀಳುವ ಪ್ರತಿ ಹನಿಯ ಗಾತ್ರವನ್ನು ಅಳೆಯುತ್ತದೆ. ಇದರಲ್ಲಿ ಒಂದು ಬಗೆಯದು ಹನಿ ಬಡಿದ ಪೆಟ್ಟನ್ನು ಗುರುತಿಸುತ್ತದೆ, ಇನ್ನೊಂದು ಬಗೆಯದು ಲೇಸರ್ ಕಿರಣವನ್ನು ಹನಿ ಎಷ್ಟು ಮರೆಮಾಡಿತು ಎಂದು ನೋಡುತ್ತದೆ. ಅಲ್ಲಿನ ಮುಂಗಾರು ಮಳೆಯಲ್ಲಿ ಸಣ್ಣ ಹನಿಗಳದ್ದೇ ದೊಡ್ಡ ಪಾಲು ಎಂಬುದು ಈ ಅಳತೆಗಳಿಂದ ಸ್ಪಷ್ಟವಾಗಿದೆ. ಸಣ್ಣ ವಿಷಯದಂತೆ ಕಾಣುವ ಇದು ರಾಡಾರಿನ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ.

ಮೇಲಿನ ಕಣ್ಣುಗಳು ಸೋಲುವ ಜಾಗ

ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿಸಿದ ಇನ್ಸಾಟ್-3ಡಿಎಸ್ ಇಂಥ ಹವಾಮಾನ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಿಂದ ಮೋಡದ ನೆತ್ತಿಯ ಉಷ್ಣತೆಯನ್ನು ಓದುತ್ತವೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಎತ್ತರವಿದ್ದಷ್ಟೂ ಮಳೆ ಜೋರು ಎಂಬ ಊಹೆಯ ಮೇಲೆ ಮಳೆಯ ಅಂದಾಜು ಕಟ್ಟಲಾಗುತ್ತದೆ. ಬಯಲುಸೀಮೆಯ ಗುಡುಗುಮೋಡಕ್ಕೆ ಈ ಊಹೆ ಒಗ್ಗುತ್ತದೆ. ಘಟ್ಟದ ಗಿಡ್ಡ ಮೋಡದ ನೆತ್ತಿ ಅಷ್ಟೇನೂ ತಣ್ಣಗಿರುವುದಿಲ್ಲ. ಉಪಗ್ರಹ ಅದನ್ನು ಸಾಧಾರಣ ಮೋಡ ಎಂದು ಬಗೆಯುತ್ತದೆ, ಕೆಳಗೆ ಹಳ್ಳ ಉಕ್ಕುತ್ತಿರುತ್ತದೆ. ಸುದ್ದಿವಾಹಿನಿಯ ಚಿತ್ರದಲ್ಲಿ ಕೆಂಪು-ನೀಲಿ ಬಣ್ಣ ಕಾಣಲಿಲ್ಲವೆಂದು ಮಲೆನಾಡಿನಲ್ಲಿ ಮಳೆಯಿಲ್ಲ ಎಂದುಕೊಳ್ಳಬಾರದು.

ರಾಡಾರಿನ ತೊಡಕು ಎರಡು ಬಗೆಯದು. ಮೊದಲನೆಯದು ಎತ್ತರ. ರಾಡಾರ್ ಕಿರಣ ನೆಲದಿಂದ ಅರ್ಧ ಡಿಗ್ರಿಯಷ್ಟು ಮೇಲಕ್ಕೆ ಹೊರಟರೂ, ಭೂಮಿ ದುಂಡಗಿರುವುದರಿಂದ 200 ಕಿ.ಮೀ. ದೂರ ಹೋಗುವಷ್ಟರಲ್ಲಿ ನೆಲಕ್ಕಿಂತ ಸುಮಾರು 4 ಕಿ.ಮೀ. ಮೇಲಿರುತ್ತದೆ. ದೂರದ ರಾಡಾರಿನ ಕಿರಣ ನಮ್ಮ ಮೋಡಗಳ ನೆತ್ತಿ ಸವರಿಕೊಂಡು ಹೋದರೆ ಹೆಚ್ಚು. ನಡುವೆ ಬೆಟ್ಟ ಅಡ್ಡವಿದ್ದರೆ ಕಿರಣ ಅಲ್ಲೇ ನಿಲ್ಲುತ್ತದೆ, ಅದರ ಹಿಂದಿನ ಜಾಗವೆಲ್ಲ ಕುರುಡು.

ಎರಡನೆಯದು ಹನಿಯ ಗಾತ್ರ. ಹನಿಯಿಂದ ಮರಳುವ ಪ್ರತಿಧ್ವನಿ ಅದರ ಅಡ್ಡಳತೆಯ ಆರನೇ ಘಾತಕ್ಕೆ ತಕ್ಕಂತೆ ಇರುತ್ತದೆ. 1 ಮಿ.ಮೀ. ಹನಿಗಿಂತ 2 ಮಿ.ಮೀ. ಹನಿ 64 ಪಟ್ಟು ಗಟ್ಟಿಯಾಗಿ ಕಾಣುತ್ತದೆ, ಆದರೆ ಅದರಲ್ಲಿರುವ ನೀರು ಎಂಟು ಪಟ್ಟು ಮಾತ್ರ. ಅಷ್ಟೇ ನೀರು ಸಣ್ಣ ಹನಿಗಳಾಗಿ ಬಿದ್ದರೆ ಪ್ರತಿಧ್ವನಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹನಿಮಾಪಕದ ಅಂಕಿಗಳನ್ನು ಇಟ್ಟುಕೊಂಡು ಈ ಸೂತ್ರವನ್ನು ಊರಿಗೆ, ಕಾಲಕ್ಕೆ ಒಗ್ಗಿಸದಿದ್ದರೆ ಘಟ್ಟದ ಮಳೆಯನ್ನು ರಾಡಾರ್ ಕಡಿಮೆ ಅಂದಾಜು ಮಾಡುತ್ತದೆ.

ಕಂಪ್ಯೂಟರಿನೊಳಗಿನ ಆಗುಂಬೆ

ಮುನ್ಸೂಚನೆಯ ಮಾದರಿ ಎಂದರೆ ಗಾಳಿ, ಉಷ್ಣತೆ, ಆವಿ, ಒತ್ತಡ ಹೇಗೆ ಬದಲಾಗುತ್ತವೆ ಎಂಬ ಸಮೀಕರಣಗಳ ಕಟ್ಟು. ಇಡೀ ಭೂಮಿಯನ್ನು ಚೌಕಗಳಾಗಿ, ಮೇಲಿನ ವಾತಾವರಣವನ್ನು ಹತ್ತಾರು ಪದರಗಳಾಗಿ ಸೀಳುತ್ತಾರೆ. ಈ ಹೊತ್ತಿನ ಸ್ಥಿತಿ ತುಂಬಿಸಿ, ಕೆಲವು ನಿಮಿಷಗಳ ಒಂದೊಂದೇ ಹೆಜ್ಜೆಯಲ್ಲಿ ಮುಂದೆ ನಡೆಸುತ್ತಾರೆ. ಈ ಹೊತ್ತಿನ ಸ್ಥಿತಿ ತಿಳಿಯಲು ಉಪಗ್ರಹ, ವಿಮಾನ, ಹಡಗುಗಳ ಜೊತೆಗೆ ಬಲೂನುಗಳೂ ಬೇಕು. ಮಂಗಳೂರಿನ ಪಣಂಬೂರಿನಂಥ ಕೇಂದ್ರಗಳಿಂದ ಹಾರುವ ಬಲೂನು ಉಷ್ಣತೆ, ತೇವ, ಗಾಳಿಯ ವಿವರ ಕಳಿಸುತ್ತ ಮೇಲೇರುತ್ತದೆ. ಜಗತ್ತಿನ ಎಲ್ಲೆಡೆ ಇದಕ್ಕೆ ಗೊತ್ತಾದ ಹೊತ್ತು ಒಂದೇ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5.30 ಮತ್ತು ಸಂಜೆ 5.30.

ಒಂದು ಚೌಕದೊಳಗೆ ನೆಲಕ್ಕೆ ಒಂದೇ ಎತ್ತರ. ಚೌಕ 12 ಕಿ.ಮೀ. ಅಗಲದ್ದಾದರೆ 144 ಚದರ ಕಿ.ಮೀ.ಗೆ ಒಂದೇ ಸಂಖ್ಯೆ. ಸೋಮೇಶ್ವರದಿಂದ ಆಗುಂಬೆಯವರೆಗಿನ ಗೋಡೆಯಂಥ ಏರು ನೇರ ಗೆರೆಯಲ್ಲಿ ಕೆಲವೇ ಕಿ.ಮೀ.ಯಲ್ಲಿ ಮುಗಿಯುವುದರಿಂದ ಅದು ಇಂಥ ಚೌಕದೊಳಗೆ ಕರಗಿಹೋಗುತ್ತದೆ. ಕಲ್ಲುರಾಶಿಗೆ ದಪ್ಪ ಕಂಬಳಿ ಹೊದಿಸಿದರೆ ಚೂಪು ಮೂಲೆಗಳೆಲ್ಲ ಅಡಗಿ ಒಂದು ಬೋಳು ದಿಬ್ಬ ಕಾಣುತ್ತದಲ್ಲ, ಮಾದರಿಗೆ ಘಟ್ಟ ಕಾಣುವುದು ಹಾಗೆ. ಇಳಿಜಾರು ಮೆತ್ತಗಾದರೆ ಗಾಳಿ ಏರುವ ವೇಗ ತಗ್ಗುತ್ತದೆ. ಆಗುಂಬೆ-ಹುಲಿಕಲ್ಲುಗಳ ಮೇಲೆ ಬೀಳಬೇಕಾದ ಮಳೆ ಕಡಿಮೆಯಾಗಿ, ಅಗಲಕ್ಕೆ ಹರಡಿದಂತೆ ಉತ್ತರ ಬರುತ್ತದೆ.

ಚೌಕ ಚಿಕ್ಕದು ಮಾಡಿದರಾಯಿತಲ್ಲ ಎಂದರೆ, ಅದು ದುಬಾರಿ ಬಾಬತ್ತು. ಅಗಲ ಅರ್ಧಕ್ಕಿಳಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲವಾದರೆ ಲೆಕ್ಕ ಹಳಿ ತಪ್ಪುತ್ತದೆ. ಒಟ್ಟು ಎಂಟು ಪಟ್ಟು ಕೆಲಸ. ಪುಣೆಯಲ್ಲಿ 2018ರ ಪ್ರತ್ಯೂಷ್ ಯಂತ್ರದ ನಂತರ 2024ರಲ್ಲಿ 11.77 ಪೆಟಾಫ್ಲಾಪ್ ಸಾಮರ್ಥ್ಯದ ಅರ್ಕ ಬಂದದ್ದು ಈ ಹಸಿವು ತಣಿಸಲು. ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದರ ಮುಂದೆ 15 ಸೊನ್ನೆಯಷ್ಟು ಲೆಕ್ಕ. ಐಐಟಿಎಂ ತಯಾರಿಸಿದ, 6 ಕಿ.ಮೀ. ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ 26ರಂದು ಬಳಕೆಗೆ ಬಂತು. ಈ ಅಳತೆಯಲ್ಲಿ ಭೂಮಿಗೆ ಸುಮಾರು 1.4 ಕೋಟಿ ಚೌಕಗಳಾಗುತ್ತವೆ. ಆಗುಂಬೆಗೂ ತೀರ್ಥಹಳ್ಳಿಗೂ ನಡುವೆ ಈಗ ಮೊದಲಿಗಿಂತ ಎರಡು ಪಟ್ಟು ಮೆಟ್ಟಿಲುಗಳಿವೆ. ಆದರೂ ಒಂದೊಂದು ಕಣಿವೆ, ಒಂದೊಂದು ಗುಡ್ಡವನ್ನು ಪ್ರತ್ಯೇಕವಾಗಿ ಕಾಣಲು 6 ಕಿ.ಮೀ. ಸಾಲದು. ಮೋಡದ ಹನಿಗಳು ಡಿಕ್ಕಿಯಾಗುವುದನ್ನಂತೂ ಯಾವ ಚೌಕವೂ ನೇರವಾಗಿ ಕಾಣಲಾರದು. ಅದನ್ನು ಸೂತ್ರವಾಗಿ ಬರೆದು ಸೇರಿಸಬೇಕು, ಮಹಾಬಲೇಶ್ವರದ ಅಳತೆಗಳು ಉಪಯೋಗಕ್ಕೆ ಬರುವುದು ಅಲ್ಲಿ.

ಆರಂಭದ ಸ್ಥಿತಿಯಲ್ಲಿ ಚೂರು ತಪ್ಪಿದ್ದರೂ ಕೆಲವು ದಿನಗಳಲ್ಲಿ ಅದು ಬೆಳೆದು ದೊಡ್ಡದಾಗುತ್ತದೆ. ಹಾಗಾಗಿ ಒಂದೇ ಮಾದರಿಯನ್ನು ಸಣ್ಣ ಸಣ್ಣ ವ್ಯತ್ಯಾಸ ಮಾಡಿ ಹಲವು ಸಲ ಓಡಿಸುತ್ತಾರೆ. 2018ರಲ್ಲಿ ಶುರುವಾದ ಇಂಥ ಒಂದು ಏರ್ಪಾಟಿನಲ್ಲಿ 21 ಓಟಗಳಿವೆ. ಅದರಲ್ಲಿ 18 ಓಟಗಳು ಭಾರಿ ಮಳೆ ಎಂದರೆ ನಂಬಿಕೆ ಹೆಚ್ಚು; ಆರು ಮಾತ್ರ ಎಂದರೆ ಸಾಧ್ಯತೆ ಇದೆ, ಖಾತ್ರಿಯಿಲ್ಲ.

ಬುಲೆಟಿನ್ ಓದುವ ಬಗೆ

ಇಲಾಖೆಯ ಮಾತುಗಳಿಗೆ ನಿಖರ ಅಳತೆಯಿದೆ. ಬೆಳಿಗ್ಗೆ 8.30ಕ್ಕೆ ಕೊನೆಯಾಗುವ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೀರಿದರೆ ಅತ್ಯಂತ ಭಾರಿ. ದೇಶಕ್ಕೆಲ್ಲ ಅಳತೆ ಒಂದೇ. ಶಿಕಾರಿಪುರದಲ್ಲಿ 70 ಮಿ.ಮೀ. ಬಿದ್ದರೆ ವಾರವೆಲ್ಲ ಮಾತಾಗುತ್ತದೆ, ಆಗುಂಬೆಯಲ್ಲಿ ಅದು ಲೆಕ್ಕಕ್ಕಿಲ್ಲದ ದಿನ.

‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಎಂಬುವು ಬಾಯಿಗೆ ಬಂದಂತೆ ಹೇಳಿದ ಮಾತುಗಳಲ್ಲ. ಆ ಪ್ರದೇಶದ ಮಳೆ ಕೇಂದ್ರಗಳ ಪೈಕಿ ಎಷ್ಟರಲ್ಲಿ ಮಳೆಯಾಗಬಹುದು ಎಂಬುದನ್ನು ಅವು ಹೇಳುತ್ತವೆ: ಕ್ರಮವಾಗಿ ಶೇ 25ರವರೆಗೆ, ಶೇ 26ರಿಂದ 50, ಶೇ 51ರಿಂದ 75, ಶೇ 76ಕ್ಕೆ ಮೇಲೆ. ‘ಒಂದೆರಡು ಕಡೆ ಅತಿ ಭಾರಿ ಮಳೆ’ ಎಂಬ ಸಾಲಿನಲ್ಲಿ ಆ ಒಂದೆರಡು ಕಡೆ ಯಾವುದಿರಬಹುದು ಎಂದು ಘಟ್ಟದ ಅಂಚಿನವರು ಕೇಳಬೇಕಾಗಿಯೇ ಇಲ್ಲ. ಇಲಾಖೆಯ ವಿಂಗಡಣೆಯಲ್ಲಿ ಶಿವಮೊಗ್ಗ ಜಿಲ್ಲೆ ಸೇರಿರುವುದು ದಕ್ಷಿಣ ಒಳನಾಡಿಗೆ ಎಂಬುದೂ ನೆನಪಿರಲಿ. ಆಗುಂಬೆ, ಚಿತ್ರದುರ್ಗ ಎರಡೂ ಒಂದೇ ವಿಭಾಗದಲ್ಲಿವೆ, ವಿಭಾಗದ ಸರಾಸರಿಯಿಂದ ಎರಡೂ ಊರಿಗೆ ಉಪಯೋಗವಿಲ್ಲ.

ಬಣ್ಣಗಳಲ್ಲಿ ಹಸಿರು ಎಂದರೆ ಎಚ್ಚರಿಕೆಯಿಲ್ಲ, ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಬಣ್ಣ ಮಿಲಿಮೀಟರಿನ ಮೇಲಷ್ಟೇ ನಿಂತಿಲ್ಲ, ಆಗಬಹುದಾದ ಹಾನಿಯನ್ನೂ ನೋಡಿ ಕೊಡುತ್ತಾರೆ.

ಕೊನೆಗೂ ನಂಬಬೇಕಾದ್ದು ಡಬ್ಬಿಯನ್ನು

ಉಪಗ್ರಹ, ರಾಡಾರ್, ಮಾದರಿ ಮೂರೂ ತಡವರಿಸುವ ಜಾಗದಲ್ಲಿ ನೆಲದ ಮೇಲಿನ ಮಳೆಮಾಪಕಕ್ಕೆ ಬೆಲೆ ಹೆಚ್ಚು. ರಾಜ್ಯದಲ್ಲಿ ಉಸ್ತುವಾರಿ ಕೇಂದ್ರದ 6 ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳಿವೆ. ಒಳಗೊಂದು ಪುಟ್ಟ ತೊಟ್ಟಿ ತುಂಬಿದಾಗ ಮಗುಚುತ್ತದೆ, ಮಗುಚಿದ್ದನ್ನು ಎಣಿಸಿ ಮಳೆ ಲೆಕ್ಕ ಹಾಕುವುದು ಇಂಥ ಮಾಪಕಗಳ ರೀತಿ. ಜಡಿಮಳೆಯಲ್ಲಿ ತೊಟ್ಟಿ ಮಗುಚುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕ ತಪ್ಪುತ್ತದೆ. ಎಲೆ, ಜೇಡರ ಬಲೆ, ಇರುವೆ ಮಣ್ಣು ಆಲಿಕೆಗೆ ಸಿಕ್ಕಿಕೊಂಡರಂತೂ ಊರೆಲ್ಲ ನೆಂದರೂ ಸೊನ್ನೆ.

ಮನೆಯಲ್ಲೇ ಅಳೆಯುವುದು ಕಷ್ಟವಲ್ಲ. 11.3 ಸೆಂ.ಮೀ. ಅಡ್ಡಳತೆಯ ಆಲಿಕೆಯ ಬಾಯಿ 100 ಚದರ ಸೆಂ.ಮೀ. ಆಗುತ್ತದೆ. ಕೆಳಗಿನ ಬಾಟಲಿಯಲ್ಲಿ 10 ಮಿಲಿ ಲೀಟರ್ ಸಿಕ್ಕರೆ 1 ಮಿ.ಮೀ. ಮಳೆ. ಬಾಯಿ ಮಟ್ಟವಾಗಿರಲಿ, ನೆಲದಿಂದ 30 ಸೆಂ.ಮೀ. ಮೇಲಿರಲಿ. ಮರ-ಮನೆಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರವಿಡಬೇಕು. ಅಡಿಕೆ ತೋಟದೊಳಗೆ ಇಟ್ಟರೆ ಸೋಗೆಯ ನೀರು ಸೇರಿ ಅಥವಾ ಸೋಗೆಯ ಮರೆಯಾಗಿ ಅಂಕಿ ಕೆಡುತ್ತದೆ. ಬಾಟಲಿ ದೊಡ್ಡದಿರಲಿ: ಈ ಆಲಿಕೆಗೆ ಎರಡು ಲೀಟರಿನ ಬಾಟಲಿ 200 ಮಿ.ಮೀ.ಗೆ ತುಂಬಿ ಚೆಲ್ಲುತ್ತದೆ, ಘಟ್ಟದಂಚಿನಲ್ಲಿ ಅದು ಸಾಲದು. ಬೆಳಿಗ್ಗೆ 8.30ಕ್ಕೆ ಅಳೆದು ಆ ದಿನದ ತಾರೀಖಿಗೇ ಬರೆಯುವುದು ಪದ್ಧತಿ. ಪತ್ರಿಕೆಯ ಅಂಕಿಗೂ ಮನೆಯ ಅಂಕಿಗೂ ಬರುವ ಜಗಳ ಎಷ್ಟೋ ಸಲ ಈ ತಾರೀಖಿನದ್ದೇ.

ಇಂಚಿನಲ್ಲಿ ಮಾತಾಡುವವರಿಗೆ: ಒಂದು ಇಂಚು 25.4 ಮಿ.ಮೀ., ಒಂದು ಎಕರೆಗೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಲಿಂಗನಮಕ್ಕಿ ಜಲಾಶಯದ ಸುಮಾರು 2,000 ಚದರ ಕಿ.ಮೀ. ಜಲಾನಯನ ಪ್ರದೇಶದ ಮೇಲೆಲ್ಲ 100 ಮಿ.ಮೀ. ಬಿದ್ದರೆ 7 ಟಿಎಂಸಿ ಅಡಿ. ಅಷ್ಟೂ ಹರಿದು ಬರುವುದಿಲ್ಲ, ಆದರೆ ನೆಲ ನೆಂದು ತುಂಬಿದ ಆಗಸ್ಟಿನಲ್ಲಿ ಹೆಚ್ಚಿನ ಪಾಲು ಬರುತ್ತದೆ.

ಮದ್ದು ಹೊಡೆಯುವ ದಿನ

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮದ್ದಿನ ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ ಆಗಿಬಿಡುತ್ತದೆ. ತೊಂದರೆ ಇರುವುದು 40-45 ದಿನದ ಮೇಲೆ ಬರುವ ಎರಡನೆಯದಕ್ಕೆ, ಅದು ನಡುಮಳೆಗಾಲ. ಹೊಡೆದ ಮದ್ದು ಒಣಗಿ ಗೊನೆಗೆ ಅಂಟಲು ಕೆಲವು ಗಂಟೆಗಳ ಹೊಳವು, ಅಂದರೆ ಮಳೆಯ ಬಿಡುವು, ಬೇಕು.

ಮುಂಗಾರು ಏರಿಳಿಯುತ್ತ ಬರುವುದು ಸ್ಥೂಲವಾಗಿ 30ರಿಂದ 60 ದಿನಗಳ ಲಯದಲ್ಲಿ. ಐಐಟಿಎಂನ ಸಂಶೋಧನೆಯಿಂದ ರೂಪುಗೊಂಡು ಇಲಾಖೆ ಪ್ರತಿ ಗುರುವಾರ ಕೊಡುವ ನಾಲ್ಕು ವಾರದ ಮುನ್ನೋಟ ಈ ಲಯವನ್ನು ಹಿಡಿಯಲು ನೋಡುತ್ತದೆ. ಅದರಲ್ಲಿ ದಿನ ಹುಡುಕಬಾರದು, ವಾರದ ಒಲವು ನೋಡಬೇಕು. ಎರಡನೇ ವಾರ ಮಳೆ ವಾಡಿಕೆಗಿಂತ ಕಡಿಮೆ ಎಂದಿದ್ದರೆ ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರರಿಗೆ ಹೇಳಿಡಬಹುದು. ದಿನ ಗೊತ್ತುಮಾಡಲು ಎರಡು-ಮೂರು ದಿನದ ಮುನ್ಸೂಚನೆ ಸಾಕಷ್ಟು ಗಟ್ಟಿ. ಅದರಲ್ಲಿ ಕರಾವಳಿಗುಂಟ ಕಡಿಮೆ ಒತ್ತಡದ ಪಟ್ಟಿ ಇದೆ ಎಂಬ ಸಾಲು ಕಂಡರೆ ಮಲೆನಾಡಿಗೆ ಹೊಳವು ಅನುಮಾನ. ಮರ ಹತ್ತುವ ಮುಂಚೆ ನೋಡಬೇಕಾದ್ದು ಮೂರು ಗಂಟೆಯ ತಕ್ಷಣದ ಮುನ್ಸೂಚನೆ.

ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರಿನ ಹಿಂಗಾರಿನಲ್ಲಿ ಮಳೆಗಿಂತ ಮಿಂಚಿನ ಭಯ ಹೆಚ್ಚು. ಐಐಟಿಎಂ ದೇಶದ ಹಲವೆಡೆ ಸಂವೇದಕಗಳನ್ನಿಟ್ಟು ಮಿಂಚಿನಿಂದ ಹೊರಡುವ ರೇಡಿಯೊ ಅಲೆಗಳನ್ನು ಹಿಡಿಯುತ್ತದೆ. ಒಂದೇ ಮಿಂಚಿನ ಅಲೆ ಬೇರೆ ಬೇರೆ ಸಂವೇದಕಗಳಿಗೆ ತಲುಪಿದ ಹೊತ್ತಿನ ವ್ಯತ್ಯಾಸದಿಂದ ಜಾಗ ಗೊತ್ತಾಗುತ್ತದೆ. ದಾಮಿನಿ ಎಂಬ ಆ್ಯಪ್ 20 ಮತ್ತು 40 ಕಿ.ಮೀ. ದೂರದೊಳಗಿನ ಮಿಂಚಿನ ಬಗ್ಗೆ ಎಚ್ಚರಿಸುವುದು ಇದೇ ಅಂಕಿಗಳಿಂದ. ನೆಟ್‌ವರ್ಕ್ ಸಿಗದ ತೋಟದಲ್ಲಾದರೆ ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಕಿ.ಮೀ. ಸಿಗುತ್ತದೆ. ಗುಡುಗು ಕೇಳುವಷ್ಟು ಹತ್ತಿರವಿದೆ ಎಂದರೇ ಅಪಾಯದ ದೂರ. ಅಲ್ಯೂಮಿನಿಯಂ ಆಗಲಿ ಕಾರ್ಬನ್ ಫೈಬರ್ ಆಗಲಿ, ತೋಟದಲ್ಲಿ ಬಳಸುವ ಉದ್ದ ಕೋಲಾದ ದೋಟಿ ವಿದ್ಯುತ್ತು ಹರಿಸುವ ವಸ್ತು. ಅದನ್ನು ನೆಲಕ್ಕೆ ಮಲಗಿಸಿ ತಕ್ಷಣ ಮನೆಯೊಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ತೋಟಕ್ಕೆ ಮರಳಬಾರದು.